ಉಪ್ಪುನೀರಿನಕ್ಕ ಮತ್ತು ದೊಡ್ಡವಳ ಬಣ್ಣ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಮನೆಯ ಮುಂದಿನ ಕೋಣೆಯಲ್ಲಿ ಗಾಜಿನ ತೊಟ್ಟಿಯ ಪಕ್ಕ ಸ್ಟೂಲು ಹಾಕಿಕೊಂಡು ಆಕೆ ನಿಂತಿದ್ದಾರೆ. ರವಿಕೆಯ ತೋಳು ಭುಜದವರೆಗೆ ಮಡಚಿದೆ, ಕೈ ಮೊಣಕೈ ದಾಟಿ ಉಪ್ಪುನೀರಿನಲ್ಲಿದೆ. ತೊಟ್ಟಿ ದೊಡ್ಡದೇನಲ್ಲ, ಇಬ್ಬರು ಎದುರುಬದುರು ಕೂತು ಉಣ್ಣುವ ಮೇಜಿನಷ್ಟು. ಅದರ ನಡುವಿನ ಬಂಡೆಯ ಮೇಲೆ ಕವಲು ಕವಲಾಗಿ ಹರಡಿಕೊಂಡಿದೆ ಒಂದು ಕಲ್ಲುಹವಳ. ಆಕೆ ಒಂದು ಕವಲಿನ ಬುಡವನ್ನು ಬೆರಳ ತುದಿಯಿಂದ ಮುಟ್ಟುತ್ತಾರೆ. ಹವಳದ ಮಾಂಸ ಒದ್ದೆ ಕಾಗದದ ಹಾಗೆ ಸುಲಿದು ನೀರಿನಲ್ಲಿ ತೇಲಿಹೋಗುತ್ತದೆ. ಕೆಳಗೆ ಉಳಿದದ್ದು ಬರೀ ಬಿಳಿ ಕಲ್ಲು.

“ಹೇಗಿದ್ದಾಳೆ?” ಮೂಲೆಯ ಕುರ್ಚಿಯಿಂದ ಗಂಡ ಕೇಳುತ್ತಾರೆ.

“ಚೆನ್ನಾಗಿದ್ದಾಳೆ ರೀ.”

“ಬಣ್ಣ?”

“ಹಸಿರೇ. ತುದಿಗೆ ನೇರಳೆ.”

ಗಂಡನಿಗೆ ಕಣ್ಣು ಕಾಣುವುದಿಲ್ಲ. ಕಾಣದವರಿಗೆ ಸುಳ್ಳು ಹೇಳುವುದು ಸುಲಭ ಎಂದು ಯಾರಾದರೂ ಅಂದುಕೊಂಡಿದ್ದರೆ ಅವರು ಈ ಮನೆಗೊಮ್ಮೆ ಬರಬೇಕು. ಆಕೆ ಕೈ ತೊಳೆಯುವ ನೆಪ ಮಾಡಿ ಅಡುಗೆಮನೆಗೆ ಹೋಗುತ್ತಾರೆ. ನಲ್ಲಿ ತಿರುಗಿಸಿ, ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ಅಲ್ಲೇ ನಿಲ್ಲುತ್ತಾರೆ. ಕೆಲವು ವಾರಗಳಿಂದ ದಿನಾ ಬೆಳಿಗ್ಗೆ ಇದೇ ನಡೆಯುತ್ತಿದೆ.

ಅಷ್ಟರಲ್ಲಿ ಗಂಡ ಎದ್ದು ಗೋಡೆ ಸವರಿಕೊಂಡು ತೊಟ್ಟಿಯ ಬಳಿ ಬರುತ್ತಾರೆ. ಗಾಜಿನ ಕೆಳಮೂಲೆಗೆ ಕೈ ಹಾಕಿದರೆ ಅಲ್ಲಿ ಮ್ಯಾಗ್ನೆಟ್ಟು ಸಿಗುತ್ತದೆ. ಅದು ಎರಡು ತುಂಡಿನದು. ಒಂದು ನೀರೊಳಗೆ, ಇನ್ನೊಂದು ಹೊರಗೆ, ನಡುವೆ ಗಾಜು. ಹೊರಗಿನದನ್ನು ಎಳೆದರೆ ಒಳಗಿನದು ಅದರ ಬೆನ್ನಿಗೇ ಬಂದು ಗಾಜಿನ ಪಾಚಿ ಉಜ್ಜುತ್ತದೆ. ಅವರು ಮೇಲಿನಿಂದ ಕೆಳಗೆ, ಎಡದಿಂದ ಬಲಕ್ಕೆ, ನಿಧಾನವಾಗಿ ಇಡೀ ಗಾಜು ಒರೆಸಿ, ಮತ್ತೆ ಅದೇ ಮೂಲೆಗೆ ತಂದು ನಿಲ್ಲಿಸುತ್ತಾರೆ. ಒಂದು ಗೆರೆ ಪಾಚಿಯೂ ಉಳಿದಿರುವುದಿಲ್ಲ. ದಿನದಲ್ಲಿ ಅವರು ಮಾಡುವ ಕೆಲಸ ಇದೊಂದೇ. ಮುಗಿಸಿ ಕೂತಾಗ ಮುಖದಲ್ಲಿ ದುಡಿದು ಬಂದವರ ಕಳೆ ಇರುತ್ತದೆ.

ಕೆಲಸದ ಮನೆಗಳಲ್ಲಿ ಆಕೆಯನ್ನು ಕರೆಯುವುದು ಉಪ್ಪುನೀರಿನಕ್ಕ ಎಂದು. ಕೆಲವರು ‘ಮೀನಿನವಳು’ ಎಂದೂ ಅನ್ನುತ್ತಾರೆ. ಅದು ಮಾತ್ರ ಅಕ್ಕನಿಗೆ ಸರಿಹೋಗುವುದಿಲ್ಲ. “ಮೀನು ಯಾರು ಬೇಕಾದ್ರೂ ಸಾಕ್ತಾರೆ. ಹಸಿವಾದ್ರೆ ಓಡಿ ಬರುತ್ತೆ, ಕಾಯಿಲೆ ಆದ್ರೆ ಓಡಾಡದೆ ಮೂಲೆ ಸೇರುತ್ತೆ, ನಮಗೆ ಗೊತ್ತಾಗುತ್ತೆ. ಹವಳ ಹಾಗಲ್ಲ. ಇದ್ದಲ್ಲೇ ಇರುತ್ತೆ, ಸುಮ್ನೆ ಸಹಿಸ್ಕೊಳ್ಳುತ್ತೆ. ನಮಗೆ ಗೊತ್ತಾಗೋ ಹೊತ್ತಿಗೆ ಅರ್ಧ ಹೋಗಿರುತ್ತೆ,” ಎನ್ನುತ್ತಾರೆ.

ಕಲ್ಲುಹವಳ ಗಿಡವಲ್ಲ, ಕಲ್ಲೂ ಅಲ್ಲ. ಸಾಸಿವೆಯಷ್ಟು ಸಣ್ಣ ಜೀವಿಗಳು ಒಟ್ಟಿಗೆ ಕೂತು, ನೀರಿನಲ್ಲಿರುವ ಸುಣ್ಣವನ್ನು ಹೀರಿ, ತಮ್ಮ ಕೆಳಗೆ ತಾವೇ ಕಲ್ಲಿನ ಮನೆ ಕಟ್ಟಿಕೊಳ್ಳುತ್ತವೆ. ಸಮುದ್ರದಲ್ಲಿ ನೀರಿಗೆ ಬರವಿಲ್ಲ, ಹಾಗಾಗಿ ಯಾವುದೂ ಬೇಗ ಏರುಪೇರಾಗುವುದಿಲ್ಲ. ಮನೆಯ ತೊಟ್ಟಿಯಲ್ಲಿ ಇರುವುದು ಕೆಲವು ಬಕೆಟ್ ನೀರು. ಸೆಕೆ ಹೆಚ್ಚಾಗಿ ಒಂದಿಷ್ಟು ಆವಿಯಾದರೆ ಉಪ್ಪು ಏರುತ್ತದೆ, ಹವಳ ಬೆಳೆದಷ್ಟೂ ಸುಣ್ಣ ಇಳಿಯುತ್ತದೆ. ಇಳಿದದ್ದನ್ನು ಗಾಬರಿಯಿಂದ ಒಟ್ಟಿಗೆ ಸುರಿದರೆ ತುದಿಗಳು ಸುಟ್ಟುಹೋಗುತ್ತವೆ. “ಸ್ವಲ್ಪ ಹೆಚ್ಚು, ಸ್ವಲ್ಪ ಕಮ್ಮಿ, ಎರಡನ್ನೂ ತಡ್ಕೊಳ್ಳುತ್ತೆ. ದಿಢೀರ್ ಅನ್ನೋದನ್ನ ಮಾತ್ರ ತಡ್ಕೊಳ್ಳಲ್ಲ,” ಎನ್ನುವುದು ಅಕ್ಕನ ಇಡೀ ವಿದ್ಯೆಯ ಸಾರ.

ಈ ‘ದಿಢೀರ್’ ಬರದಂತೆ ನೋಡಿಕೊಳ್ಳುವುದೇ ಅವರ ಉದ್ಯೋಗ. ದಿನಕ್ಕೆ ನಾಲ್ಕೈದು ಮನೆ. ಹೆಗಲ ಚೀಲದಲ್ಲಿ ಪೈಪು, ಹಳೆಯ ಹಲ್ಲುಜ್ಜುವ ಬ್ರಷ್ಷು, ಹವಳ ಕತ್ತರಿಸುವ ಕಟ್ಟರ್, ಅಂಟಿಸುವ ಗಮ್ಮು, ಉಪ್ಪು ನೋಡಲು ಪುಟ್ಟ ದುರ್ಬೀನಿನಂಥ ಉಪಕರಣ, ನೀರಿಗೆ ಹನಿ ಹಾಕಿ ಬಣ್ಣ ನೋಡುವ ಸೀಸೆಗಳು. ಎರಡೂ ಕೈಯಲ್ಲಿ ಬಕೆಟ್. ಲಿಫ್ಟಿನಲ್ಲಿ ನೀರು ಚೆಲ್ಲುತ್ತದೆಂದು ಮೆಟ್ಟಿಲು ಹತ್ತಿಸುವ ಕಟ್ಟಡಗಳಿವೆ. ಉಪ್ಪು ಕುಡಿದು ಕುಡಿದು ಬೆರಳ ಸಂದುಗಳು ಸೀಳಿವೆ, ಅದೇ ಸೀಳಿಗೆ ಮರುದಿನ ಮತ್ತೆ ಉಪ್ಪುನೀರು. ಸಂಜೆ ಮನೆಗೆ ಬರುವ ನೆಂಟರು ತೊಟ್ಟಿಯ ಮುಂದೆ ನಿಂತು ಆಹಾ ಓಹೋ ಎನ್ನುತ್ತಾರೆ, ಮನೆಯವರು ಎಲ್ಲ ತಾವೇ ಮಾಡಿದ ಹಾಗೆ ನಾಚಿಕೊಳ್ಳುತ್ತಾರೆ. ಬೆಳಿಗ್ಗೆ ಹಿಂಬಾಗಿಲಿನಿಂದ ಬಂದು ಹೋದವರ ನೆನಪು ಯಾರಿಗೂ ಬರುವುದಿಲ್ಲ. ನೆನಪಾಗುವುದು ಏನಾದರೂ ಸತ್ತಾಗ ಮಾತ್ರ.

ಅಕ್ಕ ಈ ಕೆಲಸಕ್ಕೆ ಇಷ್ಟಪಟ್ಟು ಬಂದವರಲ್ಲ. ಅವರು ಸಿದ್ಧಉಡುಪಿನ ಅಂಗಡಿಯೊಂದರ ಹಿಂದಿನ ಕೋಣೆಯಲ್ಲಿ ಅಂಗಿಗಳಿಗೆ ಗುಂಡಿ ಹೊಲಿಯುತ್ತಿದ್ದರು. ತೊಟ್ಟಿಗಳ ಕೆಲಸ ಗಂಡನದು. ಗಾಜು ಕತ್ತರಿಸಿ, ಅಂಟಿಸಿ, ಒಂದು ತೊಟ್ಟಿಯೂ ಸೋರದ ಹಾಗೆ ಕಟ್ಟುತ್ತಿದ್ದ ಅವರನ್ನು ಹವಳದ ಹುಚ್ಚು ಹತ್ತಿದವರೆಲ್ಲ ಮೇಸ್ತ್ರಿ ಎಂದೇ ಕರೆಯುತ್ತಿದ್ದರು. ಒಮ್ಮೆ ಒಬ್ಬ ಗಿರಾಕಿಯ ತೊಟ್ಟಿಯಲ್ಲಿ ಬಂಡೆಯ ತುಂಬ ಅಂಗಿಯ ಗುಂಡಿಗಳಂತೆ ಕಾಣುವ ಮೆತ್ತನೆಯ ಜೀವಿಗಳು ಹಬ್ಬಿ, ಕಲ್ಲುಹವಳಗಳ ಮೇಲೇರಿ ಅವನ್ನು ಉಸಿರುಗಟ್ಟಿಸುತ್ತಿದ್ದವು. ಮೇಸ್ತ್ರಿ ಬಂಡೆಯನ್ನು ಮನೆಗೆ ತಂದು, ಹಿತ್ತಲಲ್ಲಿ ಬಿಸಿನೀರು ಸುರಿದು, ಗಸಗಸ ಉಜ್ಜಿದರು. ಆ ಜೀವಿಗಳಲ್ಲಿ ಕೆಲವು ಮೈಯಲ್ಲಿ ಕಡು ವಿಷ ಇಟ್ಟುಕೊಂಡಿರುತ್ತವೆ. ಆ ನೀರು ಮುಖಕ್ಕೆ ಸಿಡಿಯಿತು.

“ಸಂಜೆಗೆ ಜ್ವರ, ಉಸಿರಾಟ ಕಷ್ಟ. ಕಣ್ಣು ಬಿಡೋಕೆ ಆಗ್ಲಿಲ್ಲ. ಆಸ್ಪತ್ರೆಯಲ್ಲಿ ಏನಾಯ್ತು ಅಂತ ಕೇಳಿದ್ರು. ಕಲ್ಲು ತೊಳೀತಿದ್ರು ಅಂದೆ. ಕಲ್ಲು ತೊಳೆದ್ರೆ ಕಣ್ಣು ಹೋಗುತ್ತಾ ಅಂದ್ರು. ನಾನು ಏನು ಹೇಳ್ಲಿ?” ಅಕ್ಕ ನಗುತ್ತಾರೆ, ಆ ನಗು ಅರ್ಧಕ್ಕೇ ನಿಲ್ಲುತ್ತದೆ. “ಗುಂಡಿ ಹೊಲಿದು ಸಂಸಾರ ತೂಗಿಸಿದವಳು ನಾನು. ಗುಂಡಿಯಿಂದಲೇ ಸಂಸಾರ ಮೂಲೆಗೆ ಬಿತ್ತು.”

ಈಗ ಮೇಸ್ತ್ರಿಗೆ ಬೆಳಕು, ಕತ್ತಲೆ ಇಷ್ಟು ಮಾತ್ರ ತಿಳಿಯುತ್ತದೆ. ತೊಟ್ಟಿಯ ದೀಪ ಹತ್ತಿಕೊಂಡಾಗ ಆ ಕಡೆ ಮುಖ ತಿರುಗಿಸುತ್ತಾರೆ. ಗಿರಾಕಿಗಳು ಕೈತಪ್ಪಬಾರದೆಂದು ಅಕ್ಕ ಗಂಡನ ಚೀಲವನ್ನು ಹೆಗಲಿಗೆ ಹಾಕಿಕೊಂಡರು. ಗಂಡ ಕುರ್ಚಿಯಲ್ಲಿ ಕೂತು ಹೇಳುವುದು, ಹೆಂಡತಿ ಕೇಳಿಸಿಕೊಂಡು ಹೋಗಿ ಮಾಡುವುದು, ತಪ್ಪಾದರೆ ಸಂಜೆ ಬೈಸಿಕೊಳ್ಳುವುದು. ಕೆಲಸ ಕಲಿತದ್ದು ಹಾಗೆ. ಇಂದಿಗೂ ಹೊಸ ಮನೆಗೆ ಕಾಲಿಟ್ಟ ಕೂಡಲೇ ಅಕ್ಕ ಮೊದಲು ಆಡುವ ಮಾತು ಒಂದೇ: ಬಂಡೆಗೆ ಬಿಸಿನೀರು ಹಾಕಬೇಡಿ.

ಇಷ್ಟೆಲ್ಲ ಆದ ಮೇಲೂ ಮನೆಯಲ್ಲಿ ತೊಟ್ಟಿ ಇಟ್ಟುಕೊಂಡಿರುವುದೇಕೆ ಎಂದು ಕೇಳಿದರೆ ಅಕ್ಕ ಆ ಕವಲು ಹವಳದ ಕಡೆ ಕೈ ತೋರಿಸುತ್ತಾರೆ. ಮೇಸ್ತ್ರಿಗೆ ಕಣ್ಣಿದ್ದಾಗ ಅಂಗಡಿಯೊಂದರ ತೊಟ್ಟಿಯ ತಳದಲ್ಲಿ ಮುರಿದುಬಿದ್ದಿದ್ದ ಉಗುರಿನಷ್ಟು ಚೂರು ಅದು. ಕಸಕ್ಕೆ ಹೋಗಬೇಕಾಗಿದ್ದದ್ದನ್ನು ಕೇಳಿ ತಂದು ಅಂಟಿಸಿ ಬೆಳೆಸಿದರು. ಅದಕ್ಕೆ ಇಟ್ಟ ಹೆಸರು ದೊಡ್ಡವಳು. ಈ ದಂಪತಿಗೆ ಮಕ್ಕಳಿಲ್ಲ. ದೊಡ್ಡವಳ ಊಟ, ದೊಡ್ಡವಳ ಮೈಬಣ್ಣ ಎಂಬ ಮಾತು ಕಿವಿಗೆ ಬಿದ್ದು, ಪಕ್ಕದ ಮನೆಗೆ ಹೊಸದಾಗಿ ಬಂದ ಹೆಂಗಸು ಒಂದು ದಿನ “ನಿಮ್ಮ ದೊಡ್ಡ ಮಗಳನ್ನ ನೋಡೇ ಇಲ್ಲವಲ್ಲ, ಎಲ್ಲಿ ಓದ್ತಿದ್ದಾಳೆ?” ಎಂದು ಕೇಳಿದ್ದರಂತೆ. ಮೇಸ್ತ್ರಿ ಅವರನ್ನು ಒಳಗೆ ಕರೆದು ತೊಟ್ಟಿ ತೋರಿಸಿದ್ದರು. ಆ ಹೆಂಗಸಿನ ಮುಖ ಹೇಗಾಯಿತೆಂದು ಹೇಳುವಾಗ ಗಂಡಹೆಂಡತಿ ಇಬ್ಬರೂ ನಗುತ್ತಾರೆ.

ಹವಳ ಸಾಕುವವರಲ್ಲಿ ಒಂದು ಪದ್ಧತಿಯಿದೆ. ಚೆನ್ನಾಗಿ ಬೆಳೆದದ್ದರ ತುದಿ ಮುರಿದು ಇನ್ನೊಬ್ಬರಿಗೆ ಕೊಡುವುದು. ಇವರ ತೊಟ್ಟಿ ಕೆಟ್ಟರೆ ಅವರಲ್ಲಿ ಉಳಿದಿರುತ್ತದೆ, ಕೇಳಿದಾಗ ಒಂದು ತುದಿ ವಾಪಸ್ ಕೊಡಬೇಕು. ಮೇಸ್ತ್ರಿ ತಾವು ಕಟ್ಟಿಕೊಟ್ಟ ತೊಟ್ಟಿಗಳಿಗೆಲ್ಲ ದೊಡ್ಡವಳ ಒಂದೊಂದು ತುದಿ ಕೊಟ್ಟಿದ್ದಾರೆ. ಕೊಡುವಾಗ “ಇದು ನಿಮ್ಮದಲ್ಲ, ನಿಮ್ಮ ಹತ್ತಿರ ಇಟ್ಟಿರ್ತೀವಿ ಅಷ್ಟೇ,” ಎಂದು ಹೇಳುವುದನ್ನು ಮರೆಯುತ್ತಿರಲಿಲ್ಲ.

ಆ ದೊಡ್ಡವಳೇ ಈಗ ಬುಡದಿಂದ ಬಿಳಿಚುತ್ತಿದ್ದಾಳೆ. ಅಕ್ಕ ಉಪ್ಪು ನೋಡಿದರು, ಸುಣ್ಣ ನೋಡಿದರು, ನೀರಿನ ಬಿಸಿ ನೋಡಿದರು. ಎಲ್ಲ ಸರಿಯಿತ್ತು. ಇನ್ನೂ ಜೀವವಿದ್ದ ತುದಿಗಳನ್ನು ಕತ್ತರಿಸಿ ಬೇರೆ ಕಲ್ಲಿಗೆ ಅಂಟಿಸಿದರು. ಕೊಳೆತ ಮುಟ್ಟುವ ಮೊದಲೇ ಕತ್ತರಿಸುವುದೊಂದೇ ಇದಕ್ಕೆ ಔಷಧ. ಆ ತುದಿಗಳೂ ಒಂದರ ಹಿಂದೊಂದು ಬಿಳಿಯಾದವು. ಪ್ರತಿ ಬೆಳಿಗ್ಗೆ ಗಂಡ ಬಣ್ಣ ಕೇಳುತ್ತಾರೆ, ಅಕ್ಕ ಹಸಿರು ಎನ್ನುತ್ತಾರೆ. “ಅವರು ಕಣ್ಣಲ್ಲಿ ಕೊನೆಗೆ ತುಂಬ್ಕೊಂಡಿದ್ದು ಅದೇ ಹಸಿರು. ಅದನ್ನೂ ಕಿತ್ಕೊಂಡ್ರೆ ನಾನು ಮನುಷ್ಯಳಾ?” ಎಂದು ಮೆಟ್ಟಿಲ ಮೇಲೆ ಬಕೆಟ್ ಇಳಿಸಿ ಸುಧಾರಿಸಿಕೊಳ್ಳುವಾಗ ಕೇಳುತ್ತಾರೆ.

ಕಾರಣ ಸಿಕ್ಕಿದ್ದು ಒಂದು ರಜಾದಿನ. ಪೈಪು ಹಾಕಿ ಮರಳಿನ ಕಸ ಎಳೆಯುತ್ತಿದ್ದಾಗ, ಮ್ಯಾಗ್ನೆಟ್ಟು ನಿಲ್ಲುವ ಕೆಳಮೂಲೆಯ ಮರಳು ಚಹಾ ಚೆಲ್ಲಿದಂತೆ ಕೆಂಪಗಾಗಿರುವುದು ಕಾಣುತ್ತದೆ. ಬಂಡೆಯ ಮರೆಯ ಜಾಗ, ಬಗ್ಗಿ ನೋಡಿದರಷ್ಟೇ ಕಾಣುವಂಥದ್ದು. ಅಕ್ಕ ನೀರೊಳಗಿನ ತುಂಡನ್ನು ಕಿತ್ತು ಮೇಲೆತ್ತುತ್ತಾರೆ. ಪ್ಲಾಸ್ಟಿಕ್ ಹೊದಿಕೆ ಸೀಳಿದೆ. ಒಳಗೆ ನೀರು ಹೊಕ್ಕು, ಲೋಹ ತುಕ್ಕು ಹಿಡಿದು ನೆನೆದ ಬಿಸ್ಕತ್ತಿನಂತೆ ಉಬ್ಬಿದೆ. ಆ ಲೋಹ ದಿನವೂ ಒಂದಿಷ್ಟಿಷ್ಟೇ ನೀರಿಗೆ ಕರಗಿದೆ. ಅಕ್ಕನ ಸೀಸೆಗಳಲ್ಲಿ ಅದನ್ನು ಹಿಡಿಯುವ ಹನಿ ಇಲ್ಲ.

ಕೆಲಸ ಮುಗಿದ ಕೂಡಲೇ ಮ್ಯಾಗ್ನೆಟ್ಟು ನೀರಿನಿಂದ ತೆಗೆದಿಡಿ ಎಂದು ಅಕ್ಕ ಎಲ್ಲ ಮನೆಗಳಲ್ಲೂ ಗಿಣಿಪಾಠ ಒಪ್ಪಿಸುತ್ತಾರೆ. ತಮ್ಮ ಮನೆಯಲ್ಲಿ ಮಾತ್ರ ಅದು ಹಗಲೂ ರಾತ್ರಿ ನೀರಿನಲ್ಲೇ ಇತ್ತು. ತೆಗೆದಿಟ್ಟರೆ ಗಂಡನಿಗೆ ಮರುದಿನ ಅದು ಕೈಗೆ ಸಿಗುವುದಿಲ್ಲವಲ್ಲ. ಆ ಮೂಲೆಯಲ್ಲೇ ಇರಲಿ, ಅವರಿಗೆ ಅನುಕೂಲ ಎಂದು ಬಿಟ್ಟದ್ದು ಆಕೆಯೇ. ಗಂಡ ದಿನಾ ಬೆಳಿಗ್ಗೆ ಅಷ್ಟು ಮುತುವರ್ಜಿಯಿಂದ ಗಾಜು ಒರೆಸುತ್ತಿದ್ದರು, ಒರೆಸುತ್ತಾ ಒರೆಸುತ್ತಾ ಆ ವಿಷವನ್ನು ತೊಟ್ಟಿಯ ತುಂಬ ಎಳೆದಾಡುತ್ತಿದ್ದರು. ಇದನ್ನು ಅವರಿಗೆ ಯಾವ ಬಾಯಲ್ಲಿ ಹೇಳುವುದು? ಹೇಳಿದರೆ ಉಳಿದಿರುವ ಒಂದೇ ಕೆಲಸವೂ ಕೈಬಿಡುತ್ತದೆ. ಹೇಳದೆ ಹೊಸ ಮ್ಯಾಗ್ನೆಟ್ಟು ತಂದಿಟ್ಟರೆ, ಆ ಬೆರಳುಗಳಿಗೆ ಮುಟ್ಟಿದ ಕೂಡಲೇ ತಿಳಿಯುತ್ತದೆ. ಅಕ್ಕ ತುಕ್ಕಿನ ತುಂಡನ್ನು ಬಟ್ಟೆಯಲ್ಲಿ ಸುತ್ತಿ ಚೀಲಕ್ಕೆ ಹಾಕಿಕೊಳ್ಳುತ್ತಾರೆ. ಮ್ಯಾಗ್ನೆಟ್ಟಿನ ಜೋಡಿ ಸಡಿಲವಾಗಿದೆ, ರಿಪೇರಿಗೆ ಕೊಟ್ಟಿದ್ದೇನೆ ಎಂದು ಇನ್ನೊಂದು ಸುಳ್ಳು. ಆ ಬೆಳಿಗ್ಗೆ ಮೇಸ್ತ್ರಿಯ ಎರಡು ಕೈಗಳೂ ಮಡಿಲಲ್ಲಿ ಸುಮ್ಮನೆ ಬಿದ್ದಿರುತ್ತವೆ.

ವಾರ ಕಳೆಯುವಷ್ಟರಲ್ಲಿ ದೊಡ್ಡವಳು ಪೂರ್ತಿ ಬಿಳಿ. ಅಕ್ಕ ಮರಳು ಬದಲಿಸುತ್ತಾರೆ, ನೀರು ಬದಲಿಸುತ್ತಾರೆ, ಲೋಹ ಹೀರುವ ಇದ್ದಿಲು ಕಟ್ಟುತ್ತಾರೆ. ಆಮೇಲೆ, ಹಳೆಯ ಗಿರಾಕಿಗಳ ಹತ್ತಿರ ಇಟ್ಟದ್ದನ್ನು ಕೇಳಲು ಹೊರಡುತ್ತಾರೆ.

ಮೊದಲ ಮನೆಯಲ್ಲಿ ತೊಟ್ಟಿ ಬಾಗಿಲ ಬಳಿಯೇ ಇದೆ. ಅದರಲ್ಲಿ ನೀರಿಲ್ಲ. ಒಳಗೆ ಚಪ್ಪಲಿ, ಬೂಟು, ಎರಡು ಕೊಡೆ. ಮೇಸ್ತ್ರಿ ಅಂಟಿಸಿದ ಗಾಜು ಇಂದಿಗೂ ಬಿರುಕು ಬಿಟ್ಟಿಲ್ಲ. ಎರಡನೆಯ ಮನೆಯಲ್ಲಿ ನೀರಿದೆ, ದೀಪವಿದೆ, ಕಣ್ಣು ಕುಕ್ಕುವ ಬಣ್ಣದ ಹವಳಗಳೂ ಇವೆ. ಎಲ್ಲ ಪ್ಲಾಸ್ಟಿಕ್ಕಿನವು. “ನಿಜದ್ದು ಸಾಯ್ತಾನೇ ಇತ್ತು ಅಕ್ಕಾ, ಇದಾದ್ರೆ ಆ ಗೋಳಿಲ್ಲ,” ಎನ್ನುತ್ತಾರೆ ಮನೆಯಾಕೆ. ಅಕ್ಕ ಹೌದು ಹೌದು ಎಂದು ತಲೆಯಾಡಿಸಿ, ಕೊಟ್ಟ ನೀರು ಕುಡಿದು ಬರುತ್ತಾರೆ. ಇನ್ನೆರಡು ಕಡೆ ಮನೆಯವರೇ ಇಲ್ಲ, ಬೇರೆಯವರಿದ್ದಾರೆ.

ಕೊನೆಗೆ ಉಳಿದದ್ದು ಹಲ್ಲಿನ ಡಾಕ್ಟರ ಕ್ಲಿನಿಕ್ಕು. ಕಾಯುವವರ ಬೆಂಚಿನ ಎದುರಿನ ತೊಟ್ಟಿಯಲ್ಲಿ ದೊಡ್ಡವಳ ತುದಿ ಬೆಳೆದು ಬುಟ್ಟಿಯಷ್ಟಾಗಿದೆ. ಆದರೆ ಅದು ಹಸಿರಲ್ಲ. ಹಲ್ಲುನೋವಿನವರು ಬೇಜಾರು ಕಳೆಯಲು ಮೀನಿಗೆ ತಿಂಡಿ ಎರಚಿ ಎರಚಿ ನೀರು ಕೊಬ್ಬಿದೆ. ಅಂಥ ನೀರಿನಲ್ಲಿ ಹವಳ ಬಣ್ಣ ಕಳೆದುಕೊಂಡು ಕಂದಾಗುತ್ತದೆ. ಹಳೆಯ ಗೋಣಿಚೀಲದ ಬಣ್ಣ.

“ಪೂರ್ತಿ ತಗೊಂಡು ಹೋಗಮ್ಮ. ಬರೋ ತಿಂಗಳು ತೊಟ್ಟಿ ತೆಗೆಸ್ತಿದ್ದೀನಿ, ಆ ಜಾಗಕ್ಕೆ ಟಿವಿ,” ಎನ್ನುತ್ತಾರೆ ಡಾಕ್ಟರು.

“ನಮ್ಮ ನೀರಿನ ಮೇಲೆ ನಂಗಿನ್ನೂ ನಂಬಿಕೆ ಬಂದಿಲ್ಲ ಡಾಕ್ಟ್ರೇ. ಇವತ್ತು ಒಂದು ತುದಿ ಸಾಕು. ಅದು ಬದುಕಿದ್ರೆ ಉಳಿದದ್ದು ಬಂದು ತಗೊಂಡು ಹೋಗ್ತೀನಿ.”

“ಹಲ್ಲು ಕೀಳೋ ಇಕ್ಕಳ ಕೊಡ್ಲಾ?”

“ಬೇಡ, ನನ್ನದೇ ಇದೆ. ನಿಮ್ಮ ಹಾಗೆ ಮರಗಟ್ಟೋ ಇಂಜೆಕ್ಷನ್ ಕೊಡೋದು ಮಾತ್ರ ನನಗೆ ಗೊತ್ತಿಲ್ಲ.”

ಬೆಂಚಿನಲ್ಲಿ ಕೆನ್ನೆ ಹಿಡಿದು ಕೂತಿದ್ದವರು ನೋವಿನಲ್ಲೂ ನಗುತ್ತಾರೆ. ಕಟ್ಟರ್ ಕಟಕ್ ಎನ್ನುತ್ತದೆ. ಎರಡು ಕವಲಿನ, ಹೆಬ್ಬೆರಳಿನಷ್ಟು ತುಂಡು ಡಬ್ಬಿಯ ನೀರಿಗಿಳಿಯುತ್ತದೆ. ಬಸ್ಸಿನಲ್ಲಿ ಅಕ್ಕ ಆ ಡಬ್ಬಿಯನ್ನು ನೀರಿನ ಬಿಸಿ ಇಳಿಯದಂತೆ ಹೊಟ್ಟೆಗೆ ಒತ್ತಿ ಹಿಡಿದುಕೊಂಡು ಕೂರುತ್ತಾರೆ. ಮನೆಗೆ ಬಂದು, ಡಬ್ಬಿಗೆ ತೊಟ್ಟಿಯ ನೀರನ್ನು ಹನಿಹನಿಯಾಗಿ ಬೆರೆಸಿ, ತುಂಡಿನ ಬುಡಕ್ಕೆ ಗಮ್ಮು ಹಚ್ಚಿ ಬಂಡೆಗೆ ಅಂಟಿಸುತ್ತಾರೆ. ಗಂಡ ಕುರ್ಚಿಯಲ್ಲೇ ಇದ್ದಾರೆ.

“ಏನದು, ಗಮ್ಮಿನ ವಾಸನೆ?”

ಇಲ್ಲಿಗೆ ಅಕ್ಕನ ಸುಳ್ಳುಗಳ ಗಂಟು ಖಾಲಿಯಾಗುತ್ತದೆ. ನಿಂತಲ್ಲೇ ಎಲ್ಲ ಹೇಳುತ್ತಾರೆ. ದೊಡ್ಡವಳು ಹೋದದ್ದು, ಮ್ಯಾಗ್ನೆಟ್ಟು, ಮೂಲೆಯ ಕೆಂಪು ಮರಳು, ಚಪ್ಪಲಿ ತುಂಬಿದ ತೊಟ್ಟಿ. ಮೇಸ್ತ್ರಿ ಕೈ ಚಾಚುತ್ತಾರೆ. ಅಕ್ಕ ಬಟ್ಟೆ ಬಿಚ್ಚಿ ಆ ತುಂಡನ್ನು ಅಂಗೈಯಲ್ಲಿಡುತ್ತಾರೆ. ಅವರು ಸೀಳಿನುದ್ದಕ್ಕೂ ಹೆಬ್ಬೆರಳು ಆಡಿಸುತ್ತಾರೆ, ಒಮ್ಮೆ, ಮತ್ತೊಮ್ಮೆ.

“ಇಷ್ಟು ಸೀಳಿದೆ. ನನ್ನ ಕೈಗೆ ಗೊತ್ತಾಗ್ಲಿಲ್ಲವಲ್ಲೇ.”

“ಒಳಗಿನ ತುಂಡು ನಿಮ್ಮ ಕೈಗೆಲ್ಲಿ ಸಿಗುತ್ತೆ? ನೋಡ್ಬೇಕಾಗಿದ್ದೋಳು ನಾನು. ಊರಿನ ತೊಟ್ಟಿಯೆಲ್ಲ ಬಗ್ಗಿ ಬಗ್ಗಿ ನೋಡಿದೆ.”

ಮೇಸ್ತ್ರಿ ತುಂಡನ್ನು ವಾಪಸ್ ಕೊಟ್ಟು ಕೇಳುತ್ತಾರೆ, “ಈಗ ತಂದಿರೋದು? ಬಣ್ಣ?”

“ಕಂದು ರೀ. ಗೋಣಿಚೀಲದ ಹಾಗಿದೆ.”

“ಕಂದು ಅಂದ್ರೆ ಜೀವ ಇದೆ. ಬಿಳಿಯಲ್ವಲ್ಲ.” ತೊಟ್ಟಿಯ ಕಡೆ ಮುಖ ತಿರುಗಿಸಿ, “ನೀನು ಹಸಿರು ಹಸಿರು ಅಂದಾಗಲೆಲ್ಲ ಎದೆ ಧಸಕ್ ಅಂತಿತ್ತು ಕಣೇ. ಹವಳದ ಬಣ್ಣ ದಿನಾ ಒಂದೇ ಥರ ಇರಲ್ಲ. ನೀನು ದಿನಾ ಒಂದೇ ಹೇಳ್ತಿದ್ದೆ,” ಎನ್ನುತ್ತಾರೆ.

ಹೊಸ ಮ್ಯಾಗ್ನೆಟ್ಟು ಕೆಲವು ದಿನ ಪೊಟ್ಟಣದಲ್ಲೇ ಉಳಿಯುತ್ತದೆ. ಮೇಸ್ತ್ರಿ ಮುಟ್ಟುವುದಿಲ್ಲ, ಅಕ್ಕ ಒತ್ತಾಯಿಸುವುದಿಲ್ಲ. ಗಾಜಿಗೆ ಪಾಚಿ ಕಟ್ಟುತ್ತದೆ. ಈ ಕೆಲಸದಿಂದ ಇನ್ನೇನು ಬಯಸುತ್ತೀರಿ ಎಂದು ಕೇಳಿದರೆ ಅಕ್ಕ ಬಕೆಟ್ಟಿನ ಉಪ್ಪು ಕಲಕುತ್ತಲೇ ಉತ್ತರಿಸುತ್ತಾರೆ. “ಅದು ಮತ್ತೆ ಹಸಿರಾಗದಿದ್ರೂ ಪರವಾಗಿಲ್ಲ. ಬೆಳಿಗ್ಗೆ ಅವರು ಕೇಳಿದಾಗ ಇರೋದನ್ನ ಇರೋ ಹಾಗೆ ಹೇಳೋ ಹಾಗಾದ್ರೆ ಸಾಕು. ಸುಳ್ಳು ಹೊತ್ಕೊಂಡು ಮೆಟ್ಟಿಲು ಹತ್ತೋದು ಬಕೆಟ್‌ಗಿಂತ ಭಾರ.”

ಆ ಬಯಕೆ ಈಡೇರುವ ಬೆಳಗು ಬೇಗನೇ ಬರುತ್ತದೆ, ಯಾರೂ ಬಯಸದ ರೀತಿಯಲ್ಲಿ. ದೀಪ ಹತ್ತಿಕೊಂಡಿದೆ, ಮೇಸ್ತ್ರಿ ಆ ಕಡೆ ಮುಖ ತಿರುಗಿಸಿದ್ದಾರೆ. ಅಕ್ಕ ಸ್ಟೂಲಿನ ಮೇಲೆ ನಿಂತು ಗಾಜಿಗೆ ಹಣೆ ತಾಗಿಸಿ ನೋಡುತ್ತಿದ್ದಾರೆ.

“ಹೇಗಿದ್ದಾಳೆ?”

ಅಕ್ಕನ ನಾಲಗೆಗೆ ಹಳೆಯ ಉತ್ತರ ಬಂದಿರಬೇಕು, ಅದನ್ನು ನುಂಗಿಕೊಳ್ಳುತ್ತಾರೆ.

“ಕಂದು. ಒಂದು ಕವಲಿನ ಬುಡದಲ್ಲಿ ಬಿಳಿ ಕಾಣ್ತಿದೆ ರೀ.”

“ಎಷ್ಟು?”

“ಅಕ್ಕಿಕಾಳಿನಷ್ಟು.”

ಮೇಸ್ತ್ರಿ ಎದ್ದು ಗೋಡೆ ಸವರಿಕೊಂಡು ಬರುತ್ತಾರೆ. ಅಂಗಿಯ ತೋಳು ಮಡಚುತ್ತಾರೆ. ಕಣ್ಣು ಹೋದ ಮೇಲೆ ಅವರು ಆ ನೀರಿಗೆ ಕೈ ಹಾಕಿದ್ದೇ ಇಲ್ಲ. ಈಗ ಹಾಕುತ್ತಾರೆ. ಅಕ್ಕ ಅವರ ಬೆರಳುಗಳನ್ನು ಹಿಡಿದು ನೀರಿನೊಳಗೆ ದಾರಿ ತೋರಿಸುತ್ತಾರೆ, ಬಂಡೆ, ಅದರ ಅಂಚು, ಗಮ್ಮಿನ ಉಂಡೆ, ತುಂಡು.

“ಸಿಕ್ಕಿದಳು,” ಎನ್ನುತ್ತಾರೆ ಮೇಸ್ತ್ರಿ. “ಅಲ್ಲಾಡದ ಹಾಗೆ ನಾನು ಹಿಡ್ಕೋತೀನಿ. ಬಿಳಿ ಇರೋ ಕಡೆಯಿಂದ ಎರಡು ಕಾಳಿನಷ್ಟು ಮೇಲಕ್ಕೆ ಬಿಟ್ಟು, ನೀನು ಕತ್ತರಿಸು.”

ಅಕ್ಕ ಕಟ್ಟರ್ ಎತ್ತಿಕೊಳ್ಳುತ್ತಾರೆ.